ಭೂತದ ಕಥೆಯೂ ಅರಸನ ಶಾಸನವೂ

ಹೊತ್ತು ಮುಳುಗಿದ ಮೇಲೆ ಇಂಥ ಬನದ ಬಳಿ ಸುಳಿಯಬಾರದು, ಇಂಥ ಕಟ್ಟೆಯೆದುರು ಚಪ್ಪಲಿ ಮೆಟ್ಟಿ ನಡೆಯಬಾರದು ಎಂಬ ಹಿರಿಯರ ಎಚ್ಚರಿಕೆಯನ್ನು ಕೇಳಿ ಬೆಳೆಯದವರು ಕಾಸರಗೋಡು ಸೀಮೆಯಲ್ಲಿ ವಿರಳ. ಇಂಥ ಭಯದ ತಾಣಗಳ ಕಥೆಗಳು ಗ್ರಂಥರೂಪಕ್ಕೆ ಬಂದುದು ಹೇಗೆ, ಇತಿಹಾಸದ ಅಧ್ಯಾಪಕನು ಅವನ್ನು ಹೇಗೆ ಓದಬೇಕು ಎಂಬ ಪ್ರಶ್ನೆಗಳನ್ನು ಕಲ್ಕುಡ-ಕಲ್ಲುರ್ಟಿಯರ ಒಂದು ಕಥೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸುತ್ತೇವೆ.

ಭೂತಗಳ ಹುಟ್ಟನ್ನೂ ಸಂಚಾರವನ್ನೂ ಹೇಳುವ ತುಳು ಹಾಡುಗಳಿಗೆ ಪಾಡ್ದನಗಳೆಂದು ಹೆಸರು. ನಲಿಕೆ, ಪರವ, ಪಂಬದ ಜನರು ಕೋಲದ ಅಂಗಳದಲ್ಲಿ ಇವನ್ನು ಹಾಡಿದರು. ಹೆಂಗಸರು ನೇಜಿ ನೆಡುತ್ತ ಗದ್ದೆಗಳಲ್ಲಿ ಹಾಡಿದರು. ಜರ್ಮನಿಯಿಂದ ಬಂದ ಬಾಸೆಲ್ ಮಿಷನಿನ ಮ್ಯಾನರ್ ಪಾದ್ರಿಗಳು ಇವುಗಳಲ್ಲಿ ಕೆಲವನ್ನು ಸಂಗ್ರಹಿಸಿ, 1886ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಎಂಬ ಪಂಡಿತರೂ ಇವನ್ನು ಕೂಡಿಸಿದ್ದರು. ಅವರು 1882ರಲ್ಲಿ ತೀರಿಕೊಂಡ ಮೇಲೆ, ಅವರ ಕಾಗದಪತ್ರಗಳಲ್ಲಿದ್ದುದನ್ನು ಟೆಂಪಲ್ ಎಂಬವರು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ 1894ರಿಂದ 1897ರವರೆಗೆ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’, ಎಂದರೆ ತುಳುವರ ಪಿಶಾಚಾರಾಧನೆ.

ಕಲ್ಕುಡನ ಪಾಡ್ದನಕ್ಕೆ ಪಾಠಾಂತರಗಳು ಹಲವು. ಕಥೆಯ ಎಲುಬು ಮಾತ್ರ ಒಂದೇ. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳಗೊಳಕ್ಕೆ ಹೋಗಿ ಅಲ್ಲಿ ಕೆಲಸ ಮಾಡಿದನು. ಅವನ ಮಗನು ಕಾರ್ಕಳದ ಅರಸನ ಅಪ್ಪಣೆಯಂತೆ ಗೊಮ್ಮಟನನ್ನು ಕಡೆದನು. ಇಂಥ ಮೂರ್ತಿ ಇನ್ನೊಂದು ರಾಜ್ಯದಲ್ಲಿ ಆಗಕೂಡದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಶಿಲ್ಪಿಯು ಛಲ ಬಿಡದೆ, ಉಳಿದ ಕೈಕಾಲಿನಿಂದಲೇ ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ನಿಲ್ಲಿಸಿದನು. ಅಣ್ಣನ ಅವಸ್ಥೆಯನ್ನು ಕಂಡ ತಂಗಿ ಕಲ್ಲುರ್ಟಿ ಉರಿದೆದ್ದಳು. ಇಬ್ಬರೂ ಮಾಯವಾಗಿ, ಭೂತಗಳಾಗಿ ಅರಸನನ್ನು ಕಾಡಿ, ಕೊನೆಗೆ ಪೂಜೆಯನ್ನು ಪಡೆದರು.

ಈಗ ಶಾಸನಗಳ ಕಡೆಗೆ ತಿರುಗೋಣ. ಬೆಳಗೊಳದ ಮೂರ್ತಿಯ ಕಾಲ ಕ್ರಿ.ಶ. 981ರ ಸುಮಾರು. ಸುಮಾರು 42 ಅಡಿ ಎತ್ತರದ ಕಾರ್ಕಳದ ಮೂರ್ತಿಯನ್ನು ವೀರಪಾಂಡ್ಯನು 1432ರಲ್ಲಿಯೂ, ಸುಮಾರು 35 ಅಡಿಯ ವೇಣೂರಿನದನ್ನು ತಿಮ್ಮರಾಜನು 1604ರಲ್ಲಿಯೂ ಪ್ರತಿಷ್ಠೆ ಮಾಡಿಸಿದರು. ಹುಲ್ಟ್ಷ್ ವಿದ್ವಾಂಸರು ಈ ಮೂರು ಮೂರ್ತಿಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷಗಳ ಅಂತರವುಂಟು. ಎರಡನ್ನೂ ಒಬ್ಬನೇ ಶಿಲ್ಪಿ ಕಡೆದಿರಲಾರನು. ತಂದೆಮಕ್ಕಳ ಬಾಳಿನೊಳಗೆ ಪಾಡ್ದನವು ಆರು ಶತಮಾನಗಳಿಗೂ ಮಿಕ್ಕಿದ ಕಾಲವನ್ನು ಅಡಗಿಸಿದೆ.

ಹಾಗಾದರೆ ಕಥೆ ಸುಳ್ಳೆಂದು ಬದಿಗಿಡಬೇಕೆ? ಹಾಗೆ ಮಾಡುವುದು ಅವಸರದ ತೀರ್ಮಾನವಾದೀತೆಂದು ನಾವು ಭಾವಿಸುತ್ತೇವೆ. ಕಾರ್ಕಳ ವೇಣೂರುಗಳ ಪ್ರತಿಷ್ಠಾಶಾಸನಗಳಲ್ಲಿ ಅರಸನ ಹೆಸರುಂಟು, ಗುರುವಿನ ಹೆಸರುಂಟು, ತಿಥಿವಾರಗಳುಂಟು. ಉಳಿ ಹಿಡಿದವನ ಹೆಸರಿಲ್ಲ. ಮಾಡಿಸಿದವನನ್ನು ಕಲ್ಲು ನೆನೆಯಿತು, ಮಾಡಿದವನನ್ನು ಹಾಡು ನೆನೆಯಿತು. ‘ಕಲ್ಕುಡ’ ಎಂದರೆ ಕಲ್ಲುಕುಟಿಗ; ಅದು ಕಸುಬಿನ ಹೆಸರು. ಹಲವು ತಲೆಮಾರಿನ ಕಲ್ಲುಕುಟಿಗರ ದುಡಿಮೆಯೂ ದುಃಖವೂ ಒಬ್ಬನ ಬಾಳಾಗಿ ಹೆಪ್ಪುಗಟ್ಟಿರಬಹುದೆಂಬುದು ನಮ್ಮ ಊಹೆ. ಅರಸನು ನಿಜವಾಗಿ ಕೈ ಕಡಿಸಿದನೆಂಬುದಕ್ಕೆ ಪಾಡ್ದನ ಸಾಕ್ಷಿಯಾಗದು. ಆದರೆ ಒಡೆಯರ ಕೃತಜ್ಞತೆಯ ವಿಷಯದಲ್ಲಿ ದುಡಿಯುವ ಜನ ಏನೆಂದುಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕದು. ಊಳಿಗದವನು ಬದುಕಿರುವಾಗ ದೊರೆಯದ ನ್ಯಾಯವನ್ನು ಭೂತವಾಗಿ ಬಂದು ವಸೂಲು ಮಾಡಿದನು.

ಬರ್ನೆಲರ ಸಂಗ್ರಹದ ಶಿರೋನಾಮೆಯಲ್ಲಿ ಕೊರತೆಯಿರುವುದು ಇಲ್ಲಿಯೇ. ಅನ್ಯಾಯಕ್ಕೊಳಗಾದವನು ದೈವವಾಗಿ, ಅನ್ಯಾಯ ಮಾಡಿದವನಿಂದಲೇ ಕಾಣಿಕೆ ಪಡೆಯುವ ಈ ವ್ಯವಹಾರಕ್ಕೆ ‘ಪಿಶಾಚಾರಾಧನೆ’ ಎಂಬ ಪದ ಸಲ್ಲದು. ಶಿರೋನಾಮೆ ತಪ್ಪಾದರೂ ಗ್ರಂಥದ ಬೆಲೆ ಕುಗ್ಗಿಲ್ಲ. ಅಂದು ಬರೆದಿಡದಿದ್ದರೆ ಆ ಪಾಠಗಳನ್ನು ಇಂದು ಹೋಲಿಸಿ ನೋಡುವ ಅನುಕೂಲ ನಮಗಿರುತ್ತಿರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಭೂತಗಳ ಗಡಿ ಬದಲಾಗಲಿಲ್ಲ. ಇಲ್ಲಿ ತುಳುವರ ಕೋಲವೂ ಮಲಯಾಳಿಗಳ ತೆಯ್ಯವೂ ಒಂದೇ ನೆಲದಲ್ಲಿ ನಡೆಯುತ್ತವೆ. ಎರಡರ ಕಥೆಗಳನ್ನೂ ಕೇಳಿ ಹೋಲಿಸುವ ಭಾಗ್ಯ ಗಡಿನಾಡಿನ ಅಧ್ಯಾಪಕನಿಗೆ ಉಂಟು. ನೇಜಿಗದ್ದೆಗಳೇ ಕಡಮೆಯಾದಾಗ ಅಲ್ಲಿಯ ಹಾಡು ಉಳಿಯುವುದು ಕಷ್ಟ. ಆದುದರಿಂದ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ಅರಿಕೆ: ಊರಿನ ಭಯದ ತಾಣದ ಕಥೆಯನ್ನು ಮಕ್ಕಳು ತಂದರೆ ಮೂಢನಂಬಿಕೆಯೆಂದು ಬಾಯಿ ಮುಚ್ಚಿಸದಿರೋಣ. ಹೇಳಿದವರ ಊರು, ಕೇಳಿದ ದಿನ, ಹೇಳಿದ ಮಾತು ಇವನ್ನು ತಿದ್ದದೆ ಬರೆದುಕೊಳ್ಳೋಣ. ಹತ್ತಿರದಲ್ಲಿ ಶಾಸನವಿದ್ದರೆ ಅದನ್ನು ಪಕ್ಕದಲ್ಲಿಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಮಕ್ಕಳಿಂದಲೇ ಹುಡುಕಿಸೋಣ. 1432 ಮತ್ತು 1604 ಎಂಬ ಎರಡು ಇಸವಿಗಳನ್ನು ಕರಿಹಲಗೆಯ ಮೇಲೆ ಬರೆದು, ನಡುವೆ ಕಲ್ಕುಡನ ಹೆಸರಿಟ್ಟರೆ, ಇತಿಹಾಸವೆಂದರೇನೆಂಬ ಪಾಠ ಅಲ್ಲಿಂದಲೇ ಆರಂಭವಾದೀತು.