ಸೆಟ್ಟಿಯ ಮಾತು, ಊರಿನ ಲೆಕ್ಕ

ನಗರಸಭೆಯ ಚುನಾವಣೆ ಹತ್ತಿರ ಬಂದಾಗಲೆಲ್ಲ ಅರಸೀಕೆರೆಯಂಥ ಊರಿನಲ್ಲಿ ಒಂದು ಆಕ್ಷೇಪ ಏಳುತ್ತದೆ: ಕೊಬ್ಬರಿ ಮಂಡಿಯವನಿಗೆ, ಹಾರ್ಡ್‌ವೇರ್ ಅಂಗಡಿಯವನಿಗೆ, ಹೋಟೆಲಿನವನಿಗೆ ಊರಿನ ಉಸಾಬರಿ ಯಾಕೆ? ಗಲ್ಲಾಪೆಟ್ಟಿಗೆ ಕಾಯುವವನು ಸಭೆಗೆ ಹೋದರೆ ಅಲ್ಲಿಯೂ ಗಲ್ಲಾಪೆಟ್ಟಿಗೆಯನ್ನೇ ಕಾಯುತ್ತಾನೆ ಎಂಬ ಗುಮಾನಿ ಈ ಮಾತಿನ ಹಿಂದಿದೆ. ಗುಮಾನಿಗೆ ಆಧಾರ ಇಲ್ಲವೆಂದು ಹೇಳಲಾರೆ. ಆದರೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಇತಿಹಾಸವನ್ನು ಹಿಡಿದು ನೋಡಿದರೆ, ಇಲ್ಲಿನ ವರ್ತಕ ಊರಿನ ಆಡಳಿತಕ್ಕೆ ಹೊರಗಿನಿಂದ ನುಗ್ಗಿದವನಲ್ಲ ಎಂಬುದು ಸ್ಪಷ್ಟವಾಗುತ್ತದೆ. ಎಂಟು ನೂರು ವರ್ಷಗಳಿಂದ ಅವನು ಅದರ ಒಳಗೇ ಇದ್ದಾನೆ. ನನ್ನ ವಾದ ಇಷ್ಟು: ಅವನಿಗೆ ಸಂಪತ್ತು ಇತ್ತು ಎಂಬುದಷ್ಟರಿಂದಲೇ ಊರು ಅವನ ಮಾತಿಗೆ ಬೆಲೆ ಕೊಟ್ಟಿದ್ದಲ್ಲ. ನಾಲ್ಕು ಜನರ ಎದುರು ಒಪ್ಪಿಕೊಂಡು, ಎಲ್ಲರೂ ಓದುವಂತೆ ಬರೆಸಿಟ್ಟ ಹೊಣೆಯಿಂದ ಆ ಬೆಲೆ ಬಂದಿತ್ತು. ಇಂದು ಕೇಳಬೇಕಾದ ಪ್ರಶ್ನೆಯೂ ಆ ಹೊಣೆಯನ್ನು ಕುರಿತದ್ದೇ.

ಹೊಯ್ಸಳರ ಕಾಲದ ಅರಸೀಕೆರೆ ಈಗ ನಾವು ಕಾಣುವ ಜಂಕ್ಷನ್ ಊರಲ್ಲ. ಬಲ್ಲಾಳಪುರ ಎಂಬ ಹೆಸರೂ ಇದ್ದ ಆ ಪಟ್ಟಣದಲ್ಲಿ ದೊಡ್ಡ ವರ್ತಕ ಸಮುದಾಯವಿತ್ತು. ಮಲಯಾಳ ದೇಶದಿಂದ ಬಂದ ಸೆಟ್ಟಿಗಳು ಅರಸರಿಗೆ ಬೇಕಾದ ಸರಕನ್ನು ಒದಗಿಸುತ್ತಿದ್ದುದು ಈ ಸೀಮೆಯ ಶಾಸನಗಳಿಂದ ತಿಳಿಯುತ್ತದೆ. 1220ರಲ್ಲಿ, ಮೊದಲು ಕಳಚುರಿಗಳ ಬಳಿ ದಂಡನಾಯಕನಾಗಿದ್ದು ಆಮೇಲೆ ಇಮ್ಮಡಿ ವೀರಬಲ್ಲಾಳನ ಆಶ್ರಯಕ್ಕೆ ಬಂದ ರೇಚರಸ, ಇಲ್ಲಿ ಸಹಸ್ರಕೂಟ ಚೈತ್ಯಾಲಯ ಕಟ್ಟಿಸಿದ. ಕಟ್ಟಿಸಿದವನು ದಂಡನಾಯಕನಾದರೂ ಅದನ್ನು ನಡೆಸಿಕೊಂಡು ಹೋಗಬೇಕಾದವರು ಊರಿನವರು. ಆ ಕಾಲದಲ್ಲಿ ಇಂಥ ವೆಚ್ಚಕ್ಕೆ ಹಣ ಹುಟ್ಟುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ನಕರದವರು, ಅಂದರೆ ಪಟ್ಟಣದ ವರ್ತಕರ ಸಂಘದವರು, ಕೂಡಿ ಕುಳಿತು, ಇಷ್ಟು ಹೇರು ಮೆಣಸಿಗೆ ಇಷ್ಟು, ಅಡಿಕೆಯ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ಕಲ್ಲಿನ ಮೇಲೆ ಬರೆಸಿ, ತಪ್ಪಿದವನಿಗೆ ಶಾಪವನ್ನೂ ಸೇರಿಸಿ, ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ದರಪಟ್ಟಿ ಕಣ್ಣೆದುರಿಗಿರುವಾಗ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ಕೇಳುವ ಹಕ್ಕು ಊರಿಗೆ ತಾನಾಗಿಯೇ ಬರುತ್ತದೆ.

ಈ ವರ್ತಕರ ಮುಂದಾಳು ಪಟ್ಟಣಸ್ವಾಮಿ. 1062ರಲ್ಲಿ ಹೊಂಬುಜದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಬಸದಿ ಕಟ್ಟಿಸಿದ. 1195ರಲ್ಲಿ ಶ್ರವಣಬೆಳಗೊಳದ ನಗರ ಜಿನಾಲಯವನ್ನು ಕಟ್ಟಿಸಿದ ನಾಗದೇವ ಬಲ್ಲಾಳನ ಮಂತ್ರಿಯೂ ಹೌದು, ಪಟ್ಟಣಸ್ವಾಮಿಯೂ ಹೌದು. ಆ ಜಿನಾಲಯದ ರಕ್ಷಣೆ ಬೆಳಗೊಳದ ವರ್ತಕರ ಪಾಲಿಗೆ ಬಂತು. ಮುಂದೆ ವಿಜಯನಗರದ ಕಾಲದಲ್ಲಿ ಹೊಸದಾಗಿ ಸಂತೆ ಅಥವಾ ಪೇಟೆ ಕಟ್ಟುವಾಗ ಪಟ್ಟಣಸ್ವಾಮಿಯನ್ನು ನೇಮಿಸಿ ಭೂಮಿ ಬಿಡುವುದು ರೂಢಿಯಾಯಿತು. ಸಂತೆ ಸೇರಿಸುವುದು, ಹೊರಗಿನ ವ್ಯಾಪಾರಿಯನ್ನು ಕರೆತಂದು ನೆಲೆಗೊಳಿಸುವುದು, ಸುಂಕದ ತಂಟೆ ಬಗೆಹರಿಸುವುದು ಅವನ ಕೆಲಸವಾಗಿತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಪಟ್ಟಣಸ್ವಾಮಿಯನ್ನು ಜನ ಆರಿಸಲಿಲ್ಲ. ಆ ಸ್ಥಾನಕ್ಕೆ ಅರಸನ ಒಪ್ಪಿಗೆ ಬೇಕಿತ್ತು, ಹೆಚ್ಚಿನ ಕಡೆ ಅದು ಮನೆತನದೊಳಗೇ ಇಳಿದುಬಂತು. ನಕರದ ಸಭೆಯಲ್ಲಿ ಕೂಲಿಯವನಿಗೆ, ಹೊಲೆಯ ಮಾದಿಗರ ಕೇರಿಗೆ, ಹೆಂಗಸರಿಗೆ ಜಾಗವಿರಲಿಲ್ಲ. ಹಾಗಾದರೆ ಅದನ್ನು ನಗರಸಭೆಯ ಪೂರ್ವಜ ಎನ್ನುವುದು ಹಳೆಯ ಸಿರಿವಂತಿಕೆಗೆ ಹೊಸ ಬಣ್ಣ ಬಳಿದಂತಲ್ಲವೇ? ಆಕ್ಷೇಪ ನ್ಯಾಯವಾದದ್ದು, ಅದನ್ನು ಪೂರ್ತಿ ಒಪ್ಪುತ್ತೇನೆ. ಪಟ್ಟಣಸ್ವಾಮಿಯನ್ನು ಪ್ರಜಾಪ್ರತಿನಿಧಿ ಎನ್ನುವುದು ಸುಳ್ಳಾಗುತ್ತದೆ. ಆದರೆ ಅವನನ್ನು ಆರಿಸುವಾಗ ಜನ ಇಲ್ಲದಿದ್ದರೂ, ಅವನು ನಡೆದುಕೊಂಡ ರೀತಿಯನ್ನು ತೂಗುವಾಗ ಜನ ಇದ್ದರು ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಎರಡು ಸಾಕ್ಷಿಗಳಿವೆ.

ಮೊದಲನೆಯದು 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬೆಳೆದು ವಿಜಯನಗರದ ಅರಸ ಬುಕ್ಕರಾಯನ ಮುಂದೆ ಬಂತು. ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಕಟ್ಟಳೆ ಮಾಡಿದ. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನಗೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಲ್ಲಿ ಗೊಮ್ಮಟಸ್ವಾಮಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿದು ಜೀರ್ಣೋದ್ಧಾರ ಮಾಡಬೇಕು. ವಸೂಲಿಯ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದೇ. ಈ ವಿಷಯವನ್ನು ರಾಯನಿಗೆ ಬಿನ್ನವಿಸಿ ಬೆನ್ನುಹತ್ತಿ ಮುಗಿಸಿದವನು ಕಲ್ಲೇಹದ ಬುಸುವಿ ಸೆಟ್ಟಿ ಎಂಬ ವರ್ತಕ. ಅವನಿಗೆ ಜೈನರೂ ವೈಷ್ಣವರೂ ಸೇರಿ ಸಂಘನಾಯಕ ಪಟ್ಟ ಕಟ್ಟಿದರು. ಮತಪೆಟ್ಟಿಗೆ ಇಲ್ಲದ ಕಾಲದಲ್ಲಿ, ಜಗಳವಾಡಿದ ಎರಡೂ ಕಡೆಯವರು ಒಬ್ಬ ವ್ಯಾಪಾರಿಗೆ ಕೂಡಿ ಕೊಟ್ಟ ಪದವಿ ಇದು.

ಎರಡನೆಯದು 1638ರ ಹಳೇಬೀಡಿನದು. ಮಲಿಕ್ ಕಾಫರ್‌ನ 1311ರ ದಾಳಿ ಮತ್ತು ಆಮೇಲೆ ಬಂದ ಇನ್ನೊಂದು ದಾಳಿಯ ನಂತರ ದೋರಸಮುದ್ರದ, ಅಂದರೆ ಈ ಹಳೇಬೀಡಿನ, ರಾಜಧಾನಿತನ ಹೋಗಿತ್ತು. ಬೇಲೂರಿನಲ್ಲಿ ನಾಯಕರ ಆಳ್ವಿಕೆ ಇತ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬವನು ಲಿಂಗಮುದ್ರೆ ಒತ್ತಿದ, ವಿಜಯಪ್ಪ ಎಂಬವನು ಅದನ್ನು ಅಳಿಸಿದ. ಹೊಡೆದಾಟಕ್ಕೆ ಸಾಕಾಗುವಷ್ಟು ಕಾರಣ. ಬೇಲೂರು ಮೊದಲಾದ ಊರುಗಳ ಜೈನ ಸೆಟ್ಟರು ವೀರಶೈವ ಹಿರಿಯರ ಕೂಟವಾದ ಮಹಾಮಹತ್ತಿನ ಮುಂದೆ ಮಾತಿಗೆ ಕುಳಿತರು. ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ಬಸದಿಯ ಪೂಜೆ ಪುನಸ್ಕಾರ ಹಿಂದಿನಂತೆ ನಡೆಯಲಿ ಎಂದು ತೀರ್ಮಾನವಾಯಿತು. ಅದನ್ನೂ ಕಲ್ಲಿಗೆ ಹಾಕಿದರು. ಸೋತವರು ಯಾರು, ಗೆದ್ದವರು ಯಾರು ಎಂದು ಹೇಳುವುದು ಕಷ್ಟ. ಸಂತೆ ಮಾತ್ರ ನಿಲ್ಲಲಿಲ್ಲವೆಂದು ಊಹಿಸಬಹುದು. ಜಗಳವಾದರೆ ಮೊದಲು ಬಾಗಿಲು ಮುಚ್ಚಬೇಕಾದವನು ಅಂಗಡಿಯವನೇ. ರಾಜಿಗೆ ಅವನು ಮುಂದಾಗುವುದರಲ್ಲಿ ಸ್ವಾರ್ಥವಿದೆ, ಮತ್ತು ಆ ಸ್ವಾರ್ಥ ಊರಿಗೆ ಹಿತವಾಗಿತ್ತು.

ಮುಂದಿನ ಬದಲಾವಣೆ ಮೈಸೂರು ಸಂಸ್ಥಾನದ್ದು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ ಬಂದ 144 ಮಂದಿಯಲ್ಲಿ ರೈತರ ಜೊತೆಗೆ ಪ್ರತಿ ಜಿಲ್ಲೆಯ ಪ್ರಮುಖ ವರ್ತಕರೂ ಇರಬೇಕೆಂದು ಸರ್ಕಾರವೇ ಗೊತ್ತುಪಡಿಸಿತ್ತು. 1889ರಲ್ಲಿ ಹರಿಹರದ ಕಡೆಗೆ ಹೋಗುವ ರೈಲು ಅರಸೀಕೆರೆಯ ಮೇಲೆ ಹಾಯ್ದು ಹೋಯಿತು. ತೆಂಗಿನ ಸೀಮೆಯ ಉಂಡೆ ಕೊಬ್ಬರಿಗೆ ದೂರದ ಮಾರುಕಟ್ಟೆ ತೆರೆಯಿತು, ಊರು ಮತ್ತೆ ವರ್ತಕರ ಊರಾಯಿತು. 1906ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್ ಊರಾಡಳಿತಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಆಗಿನ ಮತದಾನದ ಹಕ್ಕು ಆಸ್ತಿ, ತೆರಿಗೆ, ಓದಿಗೆ ಕಟ್ಟುಬಿದ್ದಿತ್ತು. ಹೀಗಾಗಿ ಮತ ಹಾಕುವವರಲ್ಲೂ ಆರಿಸಿ ಬರುವವರಲ್ಲೂ ಪೇಟೆ ಬೀದಿಯವರೇ ಮುಂದಿದ್ದರು. ಪಟ್ಟಣಸ್ವಾಮಿಯ ಮೇಲಿನ ಆಕ್ಷೇಪ ಈ ಹೊಸ ವ್ಯವಸ್ಥೆಗೂ ಅಷ್ಟೇ ಒಪ್ಪುತ್ತದೆ. ಮೇಲಾಗಿ ಒಂದು ನಷ್ಟವೂ ಆಯಿತು: ನಡಾವಳಿ, ದರಪಟ್ಟಿ ಎಲ್ಲ ಕಚೇರಿಯ ಕಡತದೊಳಗೆ ಸೇರಿಕೊಂಡವು. ಕಲ್ಲು ಬೀದಿಯಲ್ಲಿತ್ತು, ಕಡತ ಬೀರುವಿನಲ್ಲಿ.

ಎಲ್ಲರಿಗೂ ಮತ ಬಂದದ್ದು ಸ್ವಾತಂತ್ರ್ಯದ ನಂತರ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಮೀಸಲು, ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದ ಮೀಸಲು ಇವೆಲ್ಲ ಸೇರಿ ನಕರದ ಸಭೆ ಎಂದೂ ಕಾಣದ ಮುಖಗಳನ್ನು ಒಳಗೆ ತಂದವು. 31 ವಾರ್ಡುಗಳ ಅರಸೀಕೆರೆ ನಗರಸಭೆಯಲ್ಲಾಗಲಿ, 23 ವಾರ್ಡುಗಳ ಬೇಲೂರು ಪುರಸಭೆಯಲ್ಲಾಗಲಿ ಈಗ ವರ್ತಕನಿಗೆಂದು ಮೀಸಲಾದ ಕುರ್ಚಿಯಿಲ್ಲ. ಎಪಿಎಂಸಿಯಲ್ಲಿ ವ್ಯಾಪಾರಿಗಳು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುತ್ತಾರೆ. ಆದರೆ ವಾರ್ಡಿನಲ್ಲಿ ವರ್ತಕ ಕೂಲಿಯವಳ ಮನೆ ಬಾಗಿಲಿಗೂ ಹೋಗಿ ಕೈಮುಗಿಯಬೇಕು, ನಲ್ಲಿ ನೀರು ಯಾಕೆ ಬರಲಿಲ್ಲ, ಇ-ಖಾತೆ ಯಾಕಾಗಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕು. ಇದು ಪಟ್ಟಣಸ್ವಾಮಿಗಿಲ್ಲದ ಪರೀಕ್ಷೆ. ಇದರಲ್ಲಿ ಗೆದ್ದು ಬಂದ ಅಂಗಡಿಯವನ ಬಗ್ಗೆ ನನಗೆ ಗೌರವವಿದೆ.

ಉಳಿದದ್ದು ಹಿತಾಸಕ್ತಿಯ ಪ್ರಶ್ನೆ. ಉದ್ದಿಮೆ ಪರವಾನಗಿ ಕೊಡುವುದು, ಮಳಿಗೆ ಹರಾಜು ಹಾಕುವುದು, ಸಂತೆ ಸುಂಕ ಗೊತ್ತುಮಾಡುವುದು ಪುರಸಭೆಯೇ ಆದಾಗ ಅಂಗಡಿ ಇರುವ ಸದಸ್ಯ ಎರಡೂ ಕಡೆ ಕುಳಿತಂತಾಗುತ್ತದೆ. ಪುರಸಭೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದವನು ಸದಸ್ಯನಾಗಿರಲಾರ ಎಂದು 1964ರ ಕಾಯ್ದೆ ಹೇಳುತ್ತದೆ. ಆದರೆ ಭಾವಮೈದುನನ ಹೆಸರಿನ ಗುತ್ತಿಗೆಯನ್ನು ಕಾಯ್ದೆ ಹಿಡಿಯುವುದು ಕಷ್ಟ, ಊರು ಹಿಡಿಯುವುದು ಸುಲಭ. ವರ್ತಕನನ್ನು ಸಭೆಯಿಂದ ಹೊರಗಿಟ್ಟರೆ ಇದು ಸರಿಹೋಗುತ್ತದೆಂಬ ನಂಬಿಕೆ ನನಗಿಲ್ಲ. ಹಾಗೆ ಮಾಡಿದರೆ ಪೇಟೆಯ ಅನುಭವವೂ ಹೊರಗೇ ಉಳಿಯುತ್ತದೆ. ಬೇಲೂರನ್ನೇ ನೋಡಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಮೇಲೂ ಬೀದಿಯ ಮೇಲೂ ಎಲ್ಲರ ಕಣ್ಣು ಬಿದ್ದಿದೆ. ಗುಡಿ ಬೀದಿಯ ಅಂಗಡಿಯವನಿಗೆ ಸೋರುವ ಮಾಡು ಕಟ್ಟಿಸಿಕೊಳ್ಳುವುದಕ್ಕೂ ಎಷ್ಟು ಕಚೇರಿ ಸುತ್ತಬೇಕು ಎಂಬುದು ಗೊತ್ತು. ವಾಹನ ಎಲ್ಲಿ ನಿಂತರೆ ತೇರಿನ ದಾರಿ ಕಟ್ಟುತ್ತದೆ ಎಂಬುದೂ ಗೊತ್ತು. ಈ ತಿಳಿವಳಿಕೆ ಸಭೆಗೆ ಬೇಕು.

ಹಾಗೆ ಬರುವವನಿಂದ ಊರು ಕೇಳಬೇಕಾದದ್ದನ್ನು ನಕರದವರೇ ತೋರಿಸಿಕೊಟ್ಟಿದ್ದಾರೆ. ಪುರಸಭೆಯ ಯಾವ ಮಳಿಗೆ ಯಾರ ಹೆಸರಿನಲ್ಲಿದೆ, ಬಾಡಿಗೆ ಎಷ್ಟು, ಎಷ್ಟು ತಿಂಗಳ ಬಾಕಿ, ಸದಸ್ಯರ ಮನೆಯವರ ಪರವಾನಗಿ ಯಾವುವು ಎಂಬುದನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ಅಭ್ಯರ್ಥಿ ಮನೆಮನೆಗೆ ಕರಪತ್ರ ಹಂಚುವಾಗ ತನ್ನ ಅಂಗಡಿಯ ತೆರಿಗೆ ರಸೀದಿಯ ನಕಲನ್ನು ಅದರ ಜೊತೆಗೇ ಕೊಡಲಿ.