ಎಂಜಿನ್ನಿಗೂ ಉಸಿರು ಬೇಕು

1978ರ ಬೇಸಿಗೆ. ನಾನಾಗ ಪಿಯುಸಿ ಮುಗಿಸಿದ್ದೆ. ಮನೆಯ ಏಳು ಮಂದಿ ಸೋದರಮಾವನ ಹಳೆಯ ಅಂಬಾಸಿಡರ್ ಕಾರಿನಲ್ಲಿ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿ, ಚಾರ್ಮಾಡಿ ಘಾಟಿಯ ಮೇಲೆ ಚಿಕ್ಕಮಗಳೂರಿಗೆ ಮರಳುತ್ತಿದ್ದೆವು. ಮೂರನೆಯ ತಿರುವಿಗೇ ಕಾರು ಏದುಸಿರು ಬಿಡತೊಡಗಿತು. ಮಾವ ಆಕ್ಸಿಲರೇಟರ್ ತುಳಿದಷ್ಟೂ ಹಿಂದೆ ಕಪ್ಪು ಹೊಗೆಯೇ ಹೊರತು ಮುಂದೆ ಚಲನೆಯಿಲ್ಲ. ಕೊನೆಗೆ ಹೆಂಗಸರು, ಮಕ್ಕಳೆಲ್ಲ ಇಳಿದು ನಡೆದೆವು. ಗಂಡಸರು ಕಾರಿನಲ್ಲೇ ಉಳಿದರು!

ಹೇಗೋ ಕೊಟ್ಟಿಗೆಹಾರ ಮುಟ್ಟಿದಾಗ ಅಲ್ಲಿನ ಮುದುಕ ಮೆಕ್ಯಾನಿಕ್ ಬಾನೆಟ್ ಎತ್ತಿ, ಗಾಳಿ ಶೋಧಿಸುವ ಡಬ್ಬಿಯನ್ನು ಬಿಚ್ಚಿ ಮಾವನ ಮುಂದೆ ಹಿಡಿದ. ಒಳಗೆ ವರ್ಷಗಳ ಧೂಳು, ಜಿಡ್ಡು. "ಕಾರಿನದೇನೂ ತಪ್ಪಿಲ್ಲ ಸ್ವಾಮಿ, ಅದಕ್ಕೆ ಉಸಿರಾಡೋಕೇ ಬಿಟ್ಟಿಲ್ಲವಲ್ಲ ನೀವು" ಎಂದ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ತಕ್ಷಣ, "ಅಯ್ಯೋ, ಇದು ನಮ್ಮ ಒಲೆ ಕತೆಯೇ ಆಯ್ತಲ್ಲೋ! ಬರೀ ಸೌದೆ ತುರುಕಿದರೆ ಉರಿ ಬರುತ್ತಾ? ಊದುಗೊಳವೆಯೂ ಬೇಕು, ಹೊಗೆಗೂಡೂ ಬೇಕು" ಎಂದರು. ಎಲ್ಲರೂ ನಕ್ಕರು. ಮೆಕ್ಯಾನಿಕ್ ಮಾತ್ರ ನಗಲಿಲ್ಲ, "ಅಮ್ಮ ಹೇಳಿದ್ದೇ ಸರಿ" ಎಂದ.

ಎಷ್ಟೋ ವರ್ಷಗಳ ನಂತರ ಇಂಗ್ಲೆಂಡಿನ ಇಬ್ಬರು ಹೆಣ್ಣುಮಕ್ಕಳ ಸಾಹಸದ ಚರಿತ್ರೆ ಓದುತ್ತಿದ್ದಾಗ ಅಜ್ಜಿಯ ಆ ಮಾತು ನೆನಪಾಯಿತು. ಅವರು ಓಡಿಸಿದ ಕಾರಿನ ಎಂಜಿನ್ನಿಗೂ ನಮ್ಮ ಅಂಬಾಸಿಡರಿಗೂ ನೆಂಟಸ್ತಿಕೆಯಿತ್ತು. ಮಾವನ ಕಾರಿನಲ್ಲಿದ್ದ 1489 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ರೂಪಿಸಿದ್ದು. ಅದೇ ಸಂಸ್ಥೆಯ ಆರು ಸಿಲಿಂಡರಿನ ಎಂಜಿನ್ ಅದಕ್ಕೆ ಅಣ್ಣನಿದ್ದ ಹಾಗೆ.

ಆ ಅಣ್ಣ ಹುಟ್ಟಿದ್ದು ಓಟದ ಪಂದ್ಯಕ್ಕಲ್ಲ. 1954ರಲ್ಲಿ ಆಸ್ಟಿನ್ ವೆಸ್ಟ್‌ಮಿನ್‌ಸ್ಟರ್ ಎಂಬ ದೊಡ್ಡ ಸಂಸಾರದ ಕಾರಿಗಾಗಿ ಬಂದದ್ದು. ಗಾತ್ರ 2639 ಸಿಸಿ, ಶಕ್ತಿ 85 ಅಶ್ವಶಕ್ತಿ. ಭಾರವಾದ ಎರಕದ ಕಬ್ಬಿಣ, ಗಂಭೀರ ಸ್ವಭಾವ. 1956ರಲ್ಲಿ ಇದನ್ನೇ ಆಸ್ಟಿನ್ ಹೀಲಿ ಎಂಬ ತಗ್ಗಾದ, ತೆರೆದ ಕ್ರೀಡಾ ಕಾರಿಗೆ ಕೂಡಿಸಿದರು. ಆಗ ಶಕ್ತಿ 102. ಆದರೂ ಮೆಚ್ಚಿದವರು ಕಡಿಮೆ. ತೂಕ ಹೆಚ್ಚಿತ್ತು, ಹಿಂದಿನ ನಾಲ್ಕು ಸಿಲಿಂಡರಿನ ಕಾರೇ ಇದಕ್ಕಿಂತ ಚುರುಕು ಎಂದರು ಜನ.

ಇದ್ದ ಎಂಜಿನ್ನಿನಿಂದಲೇ ಹೆಚ್ಚು ಶಕ್ತಿ ತೆಗೆಯುವುದು ಹೇಗೆ? ಎಂಜಿನ್ ಎಂದರೆ ಮುಚ್ಚಿದ ಒಲೆಯೇ ತಾನೆ! ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ, ಮೇಲೇರುವಾಗ ಅದನ್ನು ಒತ್ತುತ್ತದೆ. ಕಿಡಿ ಹಾರಿ ಮಿಶ್ರಣ ಉರಿದಾಗ ಅದರ ರಭಸಕ್ಕೆ ಕೆಳಗೆ ಬರುತ್ತದೆ, ಮತ್ತೆ ಮೇಲೇರಿ ಸುಟ್ಟ ಹೊಗೆಯನ್ನು ಹೊರತಳ್ಳುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಪೆಟ್ರೋಲ್ ಸುರಿಯುವುದು ಸುಲಭ, ಅಷ್ಟು ಗಾಳಿಯನ್ನು ಒಳಗೆ ತರುವುದೇ ಕಷ್ಟ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ 2000 ಸಲ ಉಸಿರಾಡಬೇಕು!

ಈ ಎಂಜಿನ್ನಿನ ದೋಷವಿದ್ದದ್ದು ಅಲ್ಲೇ. ಗಾಳಿ ಬರುವ ದಾರಿಯನ್ನು ಎಂಜಿನ್ನಿನ ತಲೆಭಾಗದೊಂದಿಗೇ ಒಂದು ಓಣಿಯಂತೆ ಎರಕ ಹೊಯ್ದಿದ್ದರು. ಆರು ಸಿಲಿಂಡರುಗಳೂ ಅದೇ ಓಣಿಯಿಂದ ಎಳೆದುಕೊಳ್ಳಬೇಕು. ಮದುವೆ ಮನೆಯಲ್ಲಿ ಅಷ್ಟೂ ಜನರಿಗೆ ಒಂದೇ ಬಚ್ಚಲಿದ್ದರೆ ಬೆಳಗಿನ ಹೊತ್ತು ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. 1957ರಲ್ಲಿ ಆ ತಲೆಭಾಗವನ್ನೇ ಬದಲಿಸಿ ಆರಕ್ಕೂ ಆರು ಬೇರೆ ದ್ವಾರ ಕೊಟ್ಟರು. ಗಾತ್ರ ಒಂದಿಷ್ಟೂ ಹೆಚ್ಚದೆ ಶಕ್ತಿ 117ಕ್ಕೆ ಏರಿತು. 1959ರಲ್ಲಿ ಗಾತ್ರವನ್ನು 2912 ಸಿಸಿಗೆ ಹಿಗ್ಗಿಸಿದಾಗ 124. 1961ರಲ್ಲಿ ಎರಡರ ಬದಲು ಮೂರು ಕಾರ್ಬುರೇಟರ್ ಇಟ್ಟಾಗ 132. ಕೊನೆಯ ಮಾದರಿ ಬರುವ ಹೊತ್ತಿಗೆ ಸುಮಾರು 150. ಸಂಸಾರದ ಕಾರಿಗೆ 85 ಸಾಕೆಂದು ಹುಟ್ಟಿಸಿದ ಎಂಜಿನ್ ಇದು!

ಆ ಸಂಸ್ಥೆಯ ಸ್ಪರ್ಧಾ ವಿಭಾಗ ಅಬಿಂಗ್ಡನ್ ಎಂಬ ಊರಿನಲ್ಲಿತ್ತು. ರ‍್ಯಾಲಿಗೆ ಹೋಗುವ ಕಾರುಗಳನ್ನು ಅಲ್ಲಿ ಕೈಯಾರೆ ಸಜ್ಜುಗೊಳಿಸುತ್ತಿದ್ದರು. ಗಾಳಿಯ ದಾರಿಯ ಒಳಗೋಡೆಯನ್ನು ಉಜ್ಜಿ ನಯಗೊಳಿಸುವುದು, ಕವಾಟಗಳು ಹೆಚ್ಚು ಹೊತ್ತು ತೆರೆದಿರುವಂತೆ ಕ್ಯಾಮ್‌ಶಾಫ್ಟ್ ಬದಲಿಸುವುದು, ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತುವಂತೆ ಮಾಡುವುದು, ಹೊಗೆ ತಡೆಯಿಲ್ಲದೆ ಹೊರಹೋಗುವಂತೆ ಕೊಳವೆ ಜೋಡಿಸುವುದು ಇವೆಲ್ಲ ಆ ವಿದ್ಯೆಯ ಪಾಠಗಳು. ಮುಂದೆ ಅಲ್ಯೂಮಿನಿಯಂ ತಲೆಭಾಗ, ದೊಡ್ಡ ವೆಬರ್ ಕಾರ್ಬುರೇಟರುಗಳು ಬಂದಾಗ ಶಕ್ತಿ 200ನ್ನೂ ದಾಟಿತು.

ಆದರೆ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಉರಿ ಹೆಚ್ಚಿದರೆ ಕಾವೂ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು. ವೇಗದಲ್ಲಿ ಹುಲಿಯಾದ ಎಂಜಿನ್ ಪೇಟೆಯ ನಿಧಾನದಲ್ಲಿ ಮುಗ್ಗರಿಸುತ್ತದೆ. ಗೇರು, ಕ್ಲಚ್ಚು, ಬ್ರೇಕುಗಳೂ ಆ ಶಕ್ತಿಗೆ ತಕ್ಕಂತಿರಬೇಕು. ಹೀಲಿ ಕಾರಿನಲ್ಲಂತೂ ಎಂಜಿನ್ನಿನ ಬಿಸಿ ನೇರವಾಗಿ ಚಾಲಕರ ಕಾಲಿಗೇ ಬಡಿಯುತ್ತಿತ್ತು. ಹೊಗೆಕೊಳವೆ ನೆಲಕ್ಕೆ ತೀರ ಹತ್ತಿರ, ಕಲ್ಲಿನ ದಾರಿಯಲ್ಲಿ ಉಜ್ಜುತ್ತಿತ್ತು. ಇದು ಗಟ್ಟಿ ತೋಳಿನ ಗಂಡಸರ ಕಾರು ಎಂದೇ ಹೆಸರಾಗಿತ್ತು.

ಅಂಥ ಕಾರಿನ ಚಕ್ರ ಹಿಡಿದವಳು ಪ್ಯಾಟ್ ಮಾಸ್. 1934ರಲ್ಲಿ ಹುಟ್ಟಿದವಳು. ತಂದೆ, ತಾಯಿ ಇಬ್ಬರೂ ಕಾರು ಸ್ಪರ್ಧೆಗಳಲ್ಲಿ ಭಾಗವಹಿಸಿದವರು, ಅಣ್ಣ ಸ್ಟರ್ಲಿಂಗ್ ಮಾಸ್ ಜಗತ್ಪ್ರಸಿದ್ಧ ರೇಸ್ ಚಾಲಕ. ಈಕೆ ಮೊದಲು ಹೆಸರು ಮಾಡಿದ್ದು ಕುದುರೆ ಜಿಗಿತದಲ್ಲಿ. ದಾರಿ ನೋಡಿ ಹೇಳುವ, ಸರದಿಯಲ್ಲಿ ತಾನೂ ಓಡಿಸುವ ಜೊತೆಗಾತಿ ಆನ್ ವಿಸ್‌ಡಮ್. ಆಕೆಯ ತಾಯಿಯೂ ರೇಸ್ ಚಾಲಕಿಯೇ. ಆಗಿನ ರ‍್ಯಾಲಿಗಳಲ್ಲಿ ಹೆಂಗಸರಿಗೆಂದೇ ಒಂದು ಪ್ರತ್ಯೇಕ ಬಹುಮಾನ ಇರುತ್ತಿತ್ತು. ಪಂಕ್ತಿ ಊಟದಲ್ಲಿ ಕೊನೆಯ ಪಂಕ್ತಿ ಇದ್ದ ಹಾಗೆ. ಪ್ಯಾಟ್ ಅದನ್ನು ಮತ್ತೆ ಮತ್ತೆ ಗೆದ್ದಳು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ.

1960ರ ಲೀಜ್-ರೋಮ್-ಲೀಜ್ ರ‍್ಯಾಲಿಯ ಮಾತು ಇದು. ಬೆಲ್ಜಿಯಂನ ಲೀಜ್ ಪಟ್ಟಣದಿಂದ ಹೊರಟು ಆಲ್ಪ್ಸ್ ಪರ್ವತದ ಕಡಿದಾದ ತಿರುವುಗಳನ್ನು ಹತ್ತಿಳಿದು ಹಿಂತಿರುಗಬೇಕು. ಸುಮಾರು ನಾಲ್ಕು ಹಗಲು, ನಾಲ್ಕು ರಾತ್ರಿ, ಹೆಚ್ಚುಕಡಿಮೆ ನಿಲ್ಲದ ಓಟ. ಒಬ್ಬಳು ಓಡಿಸುವಾಗ ಇನ್ನೊಬ್ಬಳು ಕೂತಲ್ಲೇ ಕಣ್ಣು ಮುಚ್ಚಬೇಕು. ಹೊರಟವರಲ್ಲಿ ಮುಟ್ಟಿದವರು ಕೆಲವರೇ. ಆ ಕೆಲವರಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಪ್ಯಾಟ್ ಮತ್ತು ಆನ್ ಓಡಿಸಿದ ಆಸ್ಟಿನ್ ಹೀಲಿ 3000. ಹೆಂಗಸರ ಪಟ್ಟಿಯಲ್ಲಿ ಮೊದಲಲ್ಲ, ಇಡೀ ಪಟ್ಟಿಯಲ್ಲಿ ಮೊದಲು!

1962ರಲ್ಲಿ ಇದೇ ಜೋಡಿ ಪುಟ್ಟ ಮಿನಿ ಕೂಪರ್ ಕಾರಿನಲ್ಲಿ ಹಾಲೆಂಡಿನ ಟ್ಯುಲಿಪ್ ರ‍್ಯಾಲಿಯನ್ನೂ ಗೆದ್ದಿತು. ಅಂದಮೇಲೆ ಗೆಲುವು ಬರೀ ಅಶ್ವಶಕ್ತಿಯದ್ದಲ್ಲ ಎಂದಾಯಿತು. ಪ್ಯಾಟ್ ಐದು ಸಲ ಯುರೋಪಿನ ಮಹಿಳಾ ಚಾಂಪಿಯನ್ ಆದಳು, 2008ರಲ್ಲಿ ತೀರಿಕೊಂಡಳು.

ಇದನ್ನೆಲ್ಲ ಓದುವಾಗ ನನಗೆ ಚಾರ್ಮಾಡಿಯ ತಿರುವಿನಲ್ಲಿ ಸೆರಗು ಸಿಕ್ಕಿಸಿಕೊಂಡು ಹತ್ತುತ್ತಿದ್ದ ಅಮ್ಮ, ಅತ್ತೆ, ಅಜ್ಜಿ ಕಣ್ಣಿಗೆ ಕಟ್ಟಿದರು. ಆ ಪ್ರವಾಸದಿಂದ ಬಂದ ಮೇಲೆ "ಮಾವ, ನನಗೂ ಕಾರು ಕಲಿಸು" ಎಂದು ಕೇಳಿದ್ದೆ. ಮಾವ ಕೆಟ್ಟವನಲ್ಲ, ನಕ್ಕುಬಿಟ್ಟ, ಅಷ್ಟೇ. "ಮೊದಲು ಸೈಕಲ್ಲು ನೆಟ್ಟಗೆ ಹೊಡಿ" ಎಂದ. ನಾನೂ ನಕ್ಕೆ. ಮತ್ತೆ ಕೇಳಲಿಲ್ಲ. ನನ್ನ ಹಾಗೆ ಒಮ್ಮೆ ಕೇಳಿ ಸುಮ್ಮನಾದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರೋ!

ನಾನು ಡ್ರೈವಿಂಗ್ ಶಾಲೆಗೆ ಸೇರಿದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ಒತ್ತಾಯಕ್ಕೆ. ಮೊದಲ ದಿನ ಕ್ಲಚ್ಚು ಬಿಡಲು ಬಾರದೆ ಕಾರು ಏಳು ಸಲ ನಿಂತಿತು. ಕಲಿಸುವ ಹುಡುಗ "ಆಂಟಿ, ಭಯ ಬೇಡ, ಉಸಿರು ಬಿಡಿ" ಎಂದಾಗಲೇ ನಾನು ಉಸಿರು ಬಿಗಿಹಿಡಿದು ಕೂತಿದ್ದೇನೆ ಎಂದು ಗೊತ್ತಾದದ್ದು.

ಆಮೇಲೊಮ್ಮೆ ಮುದಿ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಚಾರ್ಮಾಡಿ ಹತ್ತಿದೆ. ಹೊರಡುವ ಮುಂಚೆ ಗ್ಯಾರೇಜಿಗೆ ಹೋಗಿ ಏರ್ ಫಿಲ್ಟರ್ ಬದಲಿಸಿಕೊಂಡಿದ್ದೆ. ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ, "ಆ ಮೂರನೇ ತಿರುವಿನಲ್ಲಿ ಗೇರು ಸ್ವಲ್ಪ ಬೇಗ ಇಳಿಸಬೇಕಿತ್ತು ಕಣೇ" ಎಂದ. ಓಡಿಸುವವರಿಗೆ ಓಡಿಸುವವರು ಹೇಳುವ ಮಾತು ಅದು. ಕೇಳಿ ನನಗೆ ಬಹಳ ಸಂತೋಷವಾಯಿತು.