ಸಂಘದ ಹೆಸರು, ಸಂಘದ ಊರು: ಅಮೆರಿಕದ ರಸಾಯನಶಾಸ್ತ್ರಜ್ಞರ ಸಂಘಟನೆಯ ಆರಂಭಘಟ್ಟ (1874–1893)

1

ವೃತ್ತಿಸಂಘಗಳ ಚರಿತ್ರೆಯನ್ನು ಬರೆಯುವವರು ಸ್ಥಾಪನೆಯ ದಿನಾಂಕ, ಅಧ್ಯಕ್ಷರ ಪಟ್ಟಿ, ಪತ್ರಿಕೆಯ ಸಂಪುಟಗಳು ಎಂಬ ಮೂರು ಆಧಾರಗಳನ್ನು ಹಿಡಿದು ಹೊರಡುವುದು ರೂಢಿ. ಸಭೆ ಎಲ್ಲಿ ಸೇರುತ್ತಿತ್ತು, ಆ ಊರಿನಲ್ಲಿಲ್ಲದ ಸದಸ್ಯನಿಗೆ ಅವನ ವಂತಿಗೆಯ ಪ್ರತಿಫಲವಾಗಿ ದೊರೆಯುತ್ತಿದ್ದುದೇನು, ನಿರ್ಣಯದ ಅಧಿಕಾರ ಯಾರಲ್ಲಿತ್ತು ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ಆದರೆ ಒಂದು ಸಂಘ ಬಾಳುವುದೂ ಬಾಡುವುದೂ ಬಹುಮಟ್ಟಿಗೆ ಈ ಪ್ರಶ್ನೆಗಳಿಗೆ ಅದು ಕಂಡುಕೊಳ್ಳುವ ಉತ್ತರವನ್ನೇ ಅವಲಂಬಿಸಿರುತ್ತದೆ. ಈ ಮಾತಿಗೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಮೊದಲ ಎರಡು ದಶಕಗಳಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಮಧ್ಯಕಾಲೀನ ಸಾಹಿತ್ಯ ಮತ್ತು ಶಾಸನಗಳ ಅಧ್ಯಯನದಲ್ಲಿ ತೊಡಗಿರುವ ನಾವು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಅಯ್ಯಾವೊಳೆಯ ಐನೂರ್ವರ ಶಾಸನಗಳನ್ನು ಓದಿದವರಿಗೆಲ್ಲ ಒಂದು ಸಂಗತಿ ಎದ್ದು ಕಾಣುತ್ತದೆ. ಐಹೊಳೆ ಆ ವರ್ತಕಸಮೂಹಕ್ಕೆ ಹೆಸರನ್ನಿತ್ತ ಊರು. ದತ್ತಿಯನ್ನು ಬಿಡುವುದು, ಸುಂಕದ ಪಾಲನ್ನು ದೇವಾಲಯಕ್ಕೆ ಸಲ್ಲಿಸುವುದು ಮೊದಲಾದ ನಿರ್ಣಯಗಳಾದರೋ ಬಳ್ಳಿಗಾವೆಯಂಥ ಆಯಾ ಪಟ್ಟಣಗಳಲ್ಲಿಯೇ ಆಗುತ್ತಿದ್ದವು. 1088ರಲ್ಲಿ ಸುಮಾತ್ರದ ಬಾರೂಸ್ ಪರಿಸರದಲ್ಲಿ ಹುಟ್ಟಿದ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಸಭೆ ಸೇರಿ ಕಟ್ಟುಪಾಡು ಮಾಡಿದವರು ಅಲ್ಲಿದ್ದ ವರ್ತಕರೇ. ಹೆಸರು ತವರಿನದು, ನಿರ್ಣಯ ನೆಲೆಸಿದ ಊರಿನದು. ಈ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಸಾಯನಶಾಸ್ತ್ರಜ್ಞರು ಎಡವಿದ್ದೆಲ್ಲಿ, ಚೇತರಿಸಿಕೊಂಡದ್ದು ಹೇಗೆ ಎಂಬುದು ಸುಲಭವಾಗಿ ತಿಳಿಯುತ್ತದೆ.

2

ಸಂಘದ ಬೀಜ ಬಿದ್ದುದು ಒಂದು ಸ್ಮರಣೆಯ ಸಂದರ್ಭದಲ್ಲಿ. ಜೋಸೆಫ್ ಪ್ರೀಸ್ಟ್‌ಲಿ ಆಮ್ಲಜನಕವನ್ನು ಬೇರ್ಪಡಿಸಿದ ಪ್ರಯೋಗ ನಡೆದದ್ದು 1774ರ ಆಗಸ್ಟ್ 1ರಂದು. 1791ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅವನ ಮನೆಯನ್ನೂ ಪ್ರಯೋಗಶಾಲೆಯನ್ನೂ ದೊಂಬಿಯವರು ನಾಶಮಾಡಿದ ತರುವಾಯ ಅವನು ಅಮೆರಿಕಕ್ಕೆ ಬಂದು, ಪೆನ್ಸಿಲ್ವೇನಿಯದ ನಾರ್ತಂಬರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, 1804ರಲ್ಲಿ ಅಲ್ಲಿಯೇ ತೀರಿಕೊಂಡನು. ಆಮ್ಲಜನಕದ ಶತಮಾನೋತ್ಸವವನ್ನು ಆಚರಿಸಬೇಕೆಂಬ ಸೂಚನೆ ಎಚ್. ಕ್ಯಾರಿಂಗ್ಟನ್ ಬೋಲ್ಟನ್ ಅವರದು. ಪ್ರೀಸ್ಟ್‌ಲಿಯ ಸಮಾಧಿಯಿರುವ ಊರಿನಲ್ಲಿಯೇ ಕೂಡಬೇಕೆಂದು ಸಲಹೆಯಿತ್ತವರು ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ರೇಚೆಲ್ ಬಾಡ್ಲಿ. 1874ರ ಜುಲೈ 31 ಮತ್ತು ಆಗಸ್ಟ್ 1ರಂದು ನಾರ್ತಂಬರ್ಲೆಂಡಿನಲ್ಲಿ 77 ಮಂದಿ ರಸಾಯನಶಾಸ್ತ್ರಜ್ಞರು ಸೇರಿದರು.

ಆ ಕೂಟದಲ್ಲಿ ಪರ್ಸಿಫರ್ ಫ್ರೇಜರ್ ಪ್ರತ್ಯೇಕವಾದ ರಸಾಯನಶಾಸ್ತ್ರ ಸಂಘವೊಂದು ಬೇಕೆಂದು ಸೂಚಿಸಿದರು. ಹಿರಿಯರಾದ ಜೆ. ಲಾರೆನ್ಸ್ ಸ್ಮಿತ್ ಅದನ್ನು ಒಪ್ಪಲಿಲ್ಲ. ಅಷ್ಟು ವಿಸ್ತಾರವಾದ ದೇಶದಲ್ಲಿ ಅಂಥ ಸಂಘಕ್ಕೆ ಕಾಲ ಇನ್ನೂ ಕೂಡಿಬಂದಿಲ್ಲವೆಂಬುದು ಅವರ ಅಭಿಪ್ರಾಯ. ಆಗಲೇ ಇದ್ದ ವಿಜ್ಞಾನ ಪ್ರಗತಿ ಸಂಘದಲ್ಲಿ ರಸಾಯನಶಾಸ್ತ್ರದ ಉಪವಿಭಾಗವೊಂದನ್ನು ಏರ್ಪಡಿಸುವಷ್ಟಕ್ಕೆ ಮಾತು ನಿಂತಿತು. ಸ್ಮಿತ್ ಅವರ ಆಕ್ಷೇಪಣೆಯನ್ನು ಹಿಂಜರಿಕೆಯೆಂದು ತಳ್ಳಿಹಾಕುವಂತಿಲ್ಲ. ದೂರವೆಂಬ ತೊಡಕನ್ನು ಅವರು ಸರಿಯಾಗಿಯೇ ಗುರುತಿಸಿದ್ದರೆಂಬುದನ್ನು ಮುಂದಿನ ಹದಿನೈದು ವರ್ಷಗಳು ತೋರಿಸಿಕೊಟ್ಟವು.

3

1876ರ ಜನವರಿಯಲ್ಲಿ ಕೊಲಂಬಿಯದ ಗಣಿವಿದ್ಯಾಶಾಲೆಯ ಪ್ರಾಧ್ಯಾಪಕ ಚಾರ್ಲ್ಸ್ ಚಾಂಡ್ಲರ್ ಮತ್ತು ಸಂಗಡಿಗರು ನ್ಯೂಯಾರ್ಕಿನ ರಸಾಯನಶಾಸ್ತ್ರಜ್ಞರಿಗೆ ಒಂದು ಸುತ್ತೋಲೆಯನ್ನು ಕಳಿಸಿದರು. ಅವರು ಮೊದಲು ಉದ್ದೇಶಿಸಿದ್ದುದು ನಗರಕ್ಕೆ ಸೀಮಿತವಾದ ಒಂದು ಸ್ಥಳೀಯ ಸಂಘವನ್ನು. ಉತ್ತರಗಳು ಉತ್ತೇಜಕವಾಗಿದ್ದುದರಿಂದ ಆಹ್ವಾನವನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. 1876ರ ಏಪ್ರಿಲ್ 6ರಂದು ನ್ಯೂಯಾರ್ಕಿನಲ್ಲಿ 35 ಮಂದಿ ಸೇರಿ ಅಮೆರಿಕನ್ ಕೆಮಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ಜಾನ್ ವಿಲಿಯಂ ಡ್ರೇಪರ್ ಪ್ರಥಮಾಧ್ಯಕ್ಷರಾದರು. 1879ರಲ್ಲಿ ಸಂಘದ ಪತ್ರಿಕೆ ಆರಂಭವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೆಸರು ದೇಶದ್ದಾದರೂ ಏರ್ಪಾಡು ಊರಿನದಾಗಿಯೇ ಉಳಿಯಿತು. ಸಭೆಗಳು ನಡೆಯುತ್ತಿದ್ದುದು ನ್ಯೂಯಾರ್ಕಿನಲ್ಲಿ. ಆಡಳಿತದ ಸೂತ್ರಗಳಿದ್ದುದು ಅಲ್ಲಿಯವರ ಕೈಯಲ್ಲಿ. ಸಿನ್ಸಿನಾಟಿಯಲ್ಲಿಯೋ ವಾಷಿಂಗ್ಟನ್ನಿನಲ್ಲಿಯೋ ಇದ್ದ ಸದಸ್ಯನಿಗೆ ಸಂಘವೆಂದರೆ ಅಂಚೆಯಲ್ಲಿ ಬರುವ ಪತ್ರಿಕೆ ಮತ್ತು ವಂತಿಗೆಯ ರಸೀದಿ ಮಾತ್ರ. ಉಕ್ಕಿನ ಕಾರ್ಖಾನೆ, ಸಕ್ಕರೆಯ ಗಿರಣಿ, ಗೊಬ್ಬರದ ಮಳಿಗೆಗಳಲ್ಲಿ ವಿಶ್ಲೇಷಣೆಯ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಬಹುಪಾಲು ಒಬ್ಬಂಟಿ. ತಾನು ಕಂಡ ಫಲಿತಾಂಶವನ್ನು ಇನ್ನೊಬ್ಬರ ಮುಂದಿಟ್ಟು ಹೋಲಿಸಿ ನೋಡುವ ಅವಕಾಶ ಅವನಿಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕಾಗಿತ್ತು. ನೂರಾರು ಮೈಲಿ ದೂರದ ಸಭೆಯಿಂದ ಅದು ದೊರೆಯುವಂತಿರಲಿಲ್ಲ.

ಇದರ ಪರಿಣಾಮವಾಗಿ 1884ರಲ್ಲಿ ವಾಷಿಂಗ್ಟನ್ನಿನ ರಸಾಯನಶಾಸ್ತ್ರಜ್ಞರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ಭೂವೈಜ್ಞಾನಿಕ ಸಮೀಕ್ಷೆಯ ಫ್ರಾಂಕ್ ವಿಗಲ್ಸ್‌ವರ್ತ್ ಕ್ಲಾರ್ಕ್, ಕೃಷಿ ಇಲಾಖೆಯ ಹಾರ್ವಿ ವೈಲಿ ಈ ವಲಯದ ಪ್ರಮುಖರು. ಅದೇ ವರ್ಷ ಸರ್ಕಾರಿ ಕೃಷಿ ರಸಾಯನಶಾಸ್ತ್ರಜ್ಞರು ಗೊಬ್ಬರವನ್ನು ಪರೀಕ್ಷಿಸಲು ಎಲ್ಲರೂ ಒಪ್ಪುವ ಸಮಾನ ವಿಧಾನಗಳನ್ನು ನಿಗದಿಪಡಿಸಲೆಂದು ಬೇರೊಂದು ಸಂಘವನ್ನೂ ರಚಿಸಿದರು. 1887ರಲ್ಲಿ ಪೆನ್ಸಿಲ್ವೇನಿಯದ ಈಸ್ಟನ್ನಿನಲ್ಲಿದ್ದ ಎಡ್ವರ್ಡ್ ಹಾರ್ಟ್ ವಿಶ್ಲೇಷಣ ರಸಾಯನಶಾಸ್ತ್ರಕ್ಕೆ ಮೀಸಲಾದ ಪತ್ರಿಕೆಯೊಂದನ್ನು ಹೊರಡಿಸಿದರು. ರಾಷ್ಟ್ರೀಯವೆಂದು ಕರೆದುಕೊಂಡ ಸಂಘ ಪೂರೈಸಲಾರದ ಅಗತ್ಯಗಳನ್ನು ಬೇರೆ ಬೇರೆ ಊರುಗಳು ತಾವಾಗಿಯೇ ಪೂರೈಸಿಕೊಳ್ಳತೊಡಗಿದ್ದವು.

4

ದೂರದ ಸದಸ್ಯರಂತೆಯೇ ಸಂಘದ ಹೊರಗುಳಿದ ಮತ್ತೊಂದು ವರ್ಗವೂ ಇತ್ತು. ರೇಚೆಲ್ ಬಾಡ್ಲಿ ಸಂಘದ ಸಂಸ್ಥಾಪಕ ಸದಸ್ಯರಲ್ಲೊಬ್ಬರು. ಹಾಗಿದ್ದೂ 1880ರ ಆಗಸ್ಟ್‌ನಲ್ಲಿ ಸಂಘದ ಕೆಲವರು ಬಾಸ್ಟನ್ನಿನಲ್ಲಿ ಗಂಡಸರಿಗಷ್ಟೇ ಪ್ರವೇಶವಿದ್ದ ಭೋಜನಕೂಟವೊಂದನ್ನು ನಡೆಸಿ, ಅದನ್ನು ‘ಸ್ತ್ರೀದ್ವೇಷಿಗಳ ಭೋಜನ’ವೆಂದು ತಾವೇ ಕರೆದುಕೊಂಡು, ಅಲ್ಲಿನ ಭಾಷಣ ಮತ್ತು ಹಾಡುಗಳನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸಿದರು. ವಿನೋದಕ್ಕಾಗಿ ಮಾಡಿದ್ದೆಂಬ ಸಮಾಧಾನ ಇಲ್ಲಿ ಸಾಲದು. ಸದಸ್ಯರ ಪಟ್ಟಿಯಲ್ಲಿರುವುದು ಒಂದು, ಪಂಕ್ತಿಯಲ್ಲಿ ಕೂರುವುದು ಮತ್ತೊಂದು ಎಂಬ ಭೇದವನ್ನು ಆ ಪುಸ್ತಿಕೆ ದಾಖಲಿಸಿದೆ.

ಬಾಡ್ಲಿಯವರ ಹೆಸರು ನಮ್ಮ ಓದುಗರಿಗೆ ಬೇರೊಂದು ದಿಕ್ಕಿನಿಂದಲೂ ಪರಿಚಿತವಾಗಬೇಕಾದದ್ದು. ಅವರು 1874ರಿಂದ 1888ರವರೆಗೆ, ಅಂದರೆ ತೀರಿಕೊಳ್ಳುವವರೆಗೆ, ಆ ಕಾಲೇಜಿನ ಡೀನ್ ಆಗಿದ್ದರು. ಅವರ ಅವಧಿಯಲ್ಲಿಯೇ ಆನಂದಿಬಾಯಿ ಜೋಶಿ ಅಲ್ಲಿ ಓದಿ 1886ರಲ್ಲಿ ವೈದ್ಯಪದವಿಯನ್ನು ಪಡೆದರು. ಆ ಪದವಿಪ್ರದಾನಕ್ಕೆ ಹೋಗಿದ್ದ ಪಂಡಿತಾ ರಮಾಬಾಯಿ ಮರುವರ್ಷ ಫಿಲಡೆಲ್ಫಿಯದಲ್ಲಿ ಪ್ರಕಟಿಸಿದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಎಂಬ ಗ್ರಂಥಕ್ಕೆ ಪ್ರಸ್ತಾವನೆಯನ್ನು ಬರೆದವರು ಬಾಡ್ಲಿ. ರಮಾಬಾಯಿ 1858ರಲ್ಲಿ ಜನಿಸಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಪರಿಸರದಲ್ಲಿ ಎಂಬುದನ್ನು ನೆನೆದರೆ, ನಾರ್ತಂಬರ್ಲೆಂಡಿನ ಸಮಾಧಿಯ ಬಳಿ ರಸಾಯನಶಾಸ್ತ್ರಜ್ಞರನ್ನು ಕೂಡಿಸಿದ ವ್ಯಕ್ತಿಯೇ ತುಂಗೆ ಹುಟ್ಟುವ ನೆಲದ ವಿದುಷಿಯೊಬ್ಬಳನ್ನು ಅಮೆರಿಕದ ಓದುಗರಿಗೆ ಪರಿಚಯಿಸಿದಂತಾಯಿತು. ಹೊರಗುಳಿದವರ ಅನುಭವ ಬಾಡ್ಲಿಯವರಿಗೆ ಕೇಳಿ ತಿಳಿದದ್ದಷ್ಟೇ ಆಗಿರಲಿಲ್ಲವೆಂಬುದನ್ನು ಆ ಪ್ರಸ್ತಾವನೆಯ ಓದುಗರು ಮರೆಯಬಾರದು.

5

1880ರ ದಶಕದ ಕೊನೆಯ ವೇಳೆಗೆ ನ್ಯೂಯಾರ್ಕಿನ ಸಂಘ ಸೊರಗಿತ್ತು. ದೇಶದ ಎಲ್ಲ ರಸಾಯನಶಾಸ್ತ್ರಜ್ಞರನ್ನೂ ಒಳಗೊಳ್ಳುವ ಹೊಸ ಸಂಘಟನೆ ಬೇಕೆಂದು ಕ್ಲಾರ್ಕ್ ಮೊದಲಾದವರು ಒತ್ತಾಯಿಸಿದರು. ಹಳೆಯ ಸಂಘದ ಮುಂದೆ ಎರಡೇ ದಾರಿಗಳಿದ್ದವು: ಹೆಸರನ್ನು ಬಿಟ್ಟುಕೊಡುವುದು, ಇಲ್ಲವೆ ಅಧಿಕಾರವನ್ನು ಹಂಚಿಕೊಳ್ಳುವುದು. ಅದು ಎರಡನೆಯದನ್ನು ಆರಿಸಿಕೊಂಡಿತು. 1890ರ ಆಗಸ್ಟ್‌ನಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ, ನ್ಯೂಯಾರ್ಕಿನ ಹೊರಗಿನ ಮೊದಲ ಮಹಾಸಭೆ ನಡೆಯಿತು. ಸ್ಥಳೀಯ ಶಾಖೆಗಳನ್ನು ರಚಿಸಲು ನಿಬಂಧನೆಗಳಲ್ಲಿ ಅವಕಾಶ ಕಲ್ಪಿಸಲಾಯಿತು. 1891ರಲ್ಲಿ ರೋಡ್ ಐಲೆಂಡ್ ಶಾಖೆ ಮೊತ್ತಮೊದಲು ಹುಟ್ಟಿತು.

ಅದೇ ವರ್ಷ ನ್ಯೂಯಾರ್ಕ್ ಕೂಡ ಒಂದು ಶಾಖೆಯಾಯಿತು. ಈ ಚರಿತ್ರೆಯಲ್ಲಿ ನಮಗೆ ಅತಿ ಮುಖ್ಯವಾಗಿ ತೋರುವ ಘಟನೆ ಇದು. ಹದಿನೈದು ವರ್ಷ ತಾನೇ ಸಂಘವೆಂದು ಭಾವಿಸಿದ್ದ ಊರು ಹಲವು ಶಾಖೆಗಳಲ್ಲಿ ತಾನೂ ಒಂದೆಂದು ಒಪ್ಪಿಕೊಂಡ ಮೇಲೆಯೇ ಸಂಘ ನಿಜವಾಗಿ ದೇಶದ್ದಾಯಿತು. 1891ರಲ್ಲಿಯೇ ನೆಬ್ರಾಸ್ಕ ವಿಶ್ವವಿದ್ಯಾಲಯದ ರೇಚೆಲ್ ಲಾಯ್ಡ್ ಸಂಘದ ಸದಸ್ಯರಾದರು. ಜ್ಯೂರಿಕ್‌ನಲ್ಲಿ ಡಾಕ್ಟರೇಟ್ ಪಡೆದು, ಸಕ್ಕರೆ ಬೀಟಿನ ವಿಶ್ಲೇಷಣೆಯಿಂದ ಆ ಪ್ರಾಂತದ ರೈತರಿಗೆ ನೆರವಾಗಿದ್ದ ಇವರು ಊರಿನ ದೃಷ್ಟಿಯಿಂದಲೂ ಲಿಂಗದ ದೃಷ್ಟಿಯಿಂದಲೂ ಹಳೆಯ ಸಂಘದ ಪರಿಧಿಯ ಆಚೆಗಿದ್ದವರು.

1893ರಲ್ಲಿ ಹಾರ್ಟ್ ಸಂಘದ ಪತ್ರಿಕೆಯ ಸಂಪಾದಕರಾದರು. ಅವರ ಪತ್ರಿಕೆ ಅದರಲ್ಲಿ ವಿಲೀನವಾಯಿತು. ಅದೇ ಕಾಲಕ್ಕೆ ವೈಲಿ ಅಧ್ಯಕ್ಷರಾದರು. ವಾಷಿಂಗ್ಟನ್ನಿನ ಸಂಘ ಶಾಖೆಯಾಗಿ ಸೇರಿಕೊಂಡರೂ ‘ಕೆಮಿಕಲ್ ಸೊಸೈಟಿ ಆಫ್ ವಾಷಿಂಗ್ಟನ್’ ಎಂಬ ತನ್ನ ಹೆಸರನ್ನು ಬಿಡಲಿಲ್ಲ. ಇಂದಿಗೂ ಆ ಹೆಸರೇ ಬಳಕೆಯಲ್ಲಿದೆ. ಪ್ರತಿಸ್ಪರ್ಧಿಯ ಹೆಸರನ್ನು ಅಳಿಸದೆ ಅವನನ್ನು ಒಳಗೊಂಡ ಈ ಕ್ರಮ ವಿವೇಕದ್ದು.

6

ಅಂದು ರೂಪುಗೊಂಡ ಶಾಖಾಪದ್ಧತಿ ಇಂದಿಗೂ ಉಳಿದಿದೆ. ಈಗ 180ಕ್ಕೂ ಮಿಕ್ಕ ಸ್ಥಳೀಯ ಶಾಖೆಗಳಿವೆ. ಪ್ರತಿಯೊಂದಕ್ಕೂ ತನ್ನದೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಕೇಂದ್ರದಿಂದ ಧನಸಹಾಯ ಬರುತ್ತದೆ. ಶಾಖೆಗಳು ಆರಿಸಿ ಕಳಿಸಿದ ಪ್ರತಿನಿಧಿಗಳು ಕೇಂದ್ರ ಪರಿಷತ್ತಿನಲ್ಲಿ ಕೂರುತ್ತಾರೆ. ಹಣವು ಕೇಂದ್ರದಿಂದ ಊರಿಗೂ, ಮತವು ಊರಿನಿಂದ ಕೇಂದ್ರಕ್ಕೂ ಹರಿಯುವ ಈ ಎರಡು ಕಾಲುವೆಗಳಲ್ಲಿ ಯಾವುದು ಕಟ್ಟಿದರೂ ಶಾಖೆ ಬರಿಯ ನಾಮಫಲಕವಾಗುತ್ತದೆ. ಭಾರತದಲ್ಲಿಯೂ ಈ ಪ್ರಶ್ನೆ ತಲೆದೋರದೆ ಇರಲಿಲ್ಲ. 1924ರಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಅಧ್ಯಕ್ಷತೆಯಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಆರಂಭವಾಯಿತು. 1930ರಲ್ಲಿ ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರಜ್ಞರ ಸಂಘ ಹುಟ್ಟಿತು. ಎರಡೂ ದೇಶದ ಹೆಸರನ್ನು ಹೊತ್ತು ಒಂದೊಂದು ಊರಿನಲ್ಲಿ ಬೇರೂರಿದವು. ಇವುಗಳ ಶಾಖೆಗಳ ಚರಿತ್ರೆಯನ್ನು ಪ್ರತ್ಯೇಕವಾಗಿ ಬರೆಯುವುದು ಯೋಗ್ಯವಾದ ಕಾರ್ಯ.

ಕರ್ನಾಟಕದ ಹೊರಗಿದ್ದು ಕೆಲಸ ಮಾಡುತ್ತಿರುವ ಸಂಶೋಧಕರಿಗೆ ಇಲ್ಲಿಂದ ದೊರೆಯುವ ಸೂಚನೆ ಇಷ್ಟು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ ಚರಿತ್ರೆಯನ್ನು ಬರೆಯುವಾಗ ಸ್ಮರಣ ಸಂಚಿಕೆಗಳ ಜೊತೆಗೆ ನಡಾವಳಿ ಪುಸ್ತಕಗಳನ್ನೂ ವಂತಿಗೆಯ ಲೆಕ್ಕಗಳನ್ನೂ ಹುಡುಕಿ ಓದಬೇಕು. ಯಾವ ಬಡಾವಣೆಯವರು ಸಭೆಗೆ ಬರಲಾಗದೆ ಹೋದರು, ಯಾವ ಹೆಂಗಸರ ಹೆಸರು ಪಟ್ಟಿಯಲ್ಲಿದ್ದು ಸಮಿತಿಯಲ್ಲಿ ಕಾಣದಾಯಿತು, ಒಡೆದುಹೋದ ಸಂಘ ಯಾವ ಹೆಸರಿನಿಂದ ಮತ್ತೆ ಕೂಡಿತು ಎಂಬುದನ್ನು ಹೇಳುವ ಆಧಾರಗಳು ಅವೇ. ಇಂಥ ಪುಸ್ತಕಗಳು ಬಹುತೇಕ ಹಳೆಯ ಕಾರ್ಯದರ್ಶಿಗಳ ಮನೆಯ ಕಪಾಟುಗಳಲ್ಲಿ ಉಳಿದಿರುತ್ತವೆ. ಒಂದು ತಲೆಮಾರು ಕಳೆದರೆ ರದ್ದಿಗೆ ಹೋಗುತ್ತವೆ. ಅವುಗಳ ಪ್ರತಿಗಳನ್ನು ಮಾಡಿಸಿ ಸಂರಕ್ಷಿಸುವ ಕೆಲಸ ಮೊದಲು ಆಗಬೇಕು, ವ್ಯಾಖ್ಯಾನ ಆಮೇಲಿನದು.